ಅಲ್ಲ, ಇಲ್ಲ

ಮಲ್ಪೆ ದಕ್ಕೆಯಲ್ಲಿ, ಮಂಜುಗಡ್ಡೆ ಗೋದಾಮಿನ ಮಾಳಿಗೆಯಲ್ಲಿ
ನಮ್ಮ ಸೊಸೈಟಿಯ ಕೋಣೆ. ಕೀಬೋರ್ಡಿಗೂ ಬಂಗುಡೆ ವಾಸನೆ.
ಕಡಲಿಗೆ ಹೋದ ಒಂದೊಂದು ಬೋಟಿಗೆ
ಒಂದೊಂದು ಆಬ್ಜೆಕ್ಟ್ ಬರೆದಿದ್ದೇನೆ:
ಅಪ್ಪಿಕೊಂಡ ಕೈಗಳ ಹಾಗೆ ಎರಡು ಬಳ್ಳಿ ಆವರಣ,
ಒಳಗೆ ಹೆಸರು, ತಾಂಡೇಲ, ಡೀಸೆಲ್ ಎಷ್ಟು,
ಕೊನೆಯಲ್ಲಿ "ಬಂತೇ" ಎಂಬ ಖಾನೆ.
ಟ್ರೂ ಆದರೆ ಹಸಿರು. ಫಾಲ್ಸ್ ಆದರೆ ಕೆಂಪು.
ಮೂರನೆಯದು ಏನಿದ್ದೀತು?

ಆ ರಾತ್ರಿ ಪರದೆ ಪೂರ್ತಿ ಹಸಿರು.
ನಲವತ್ತಮೂರಕ್ಕೆ ನಲವತ್ತಮೂರು.
ಬ್ಯಾಗಿನ ಜಿಪ್ಪು ಎಳೆಯುತ್ತಿದ್ದೆ,
ಬುಟ್ಟಿ ಕವುಚಿ ಅದರ ಮೇಲೆ ಕೂತಿದ್ದ ಗುಲಾಬಕ್ಕ
ಕೆಳಗಿನಿಂದ ಕೂಗಿದಳು:
"ವಾರಿಜಾ, ಒಂಜಿ ಇಜ್ಜಿ ಮಾರಾಯ್ತಿ!"
ಎಣಿಸಿ ಹೇಳಿದ್ದಲ್ಲ. ಪ್ರತಿ ಇಂಜಿನ್ನಿನ ಕೆಮ್ಮು ಅವಳಿಗೆ ಗೊತ್ತು;
ಒಂದು ಕೆಮ್ಮು ಇನ್ನೂ ಬಂದಿರಲಿಲ್ಲ.

ಹುಡುಕಿದೆ. ವಯರ್‌ಲೆಸ್ಸಿನ ದಯಾಕರ
ಸರಿಯಾಗಿಯೇ ತುಂಬಿದ್ದ, ಫಾಲ್ಸ್ ಎಂದು.
ನನ್ನ ಫಾರ್ಮು ಅದನ್ನು
ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಕಳಿಸಿತ್ತು.
ಅಲ್ಲಿಗೆ ಮುಗಿಯಿತು. ಅದೀಗ ಬರೀ ಮಾತು.
ಮಾತು ಖಾಲಿಯಲ್ಲದಿದ್ದರೆ ಸಾಕು,
ಜಾವಾಸ್ಕ್ರಿಪ್ಟಿಗೆ ಅದು ನಿಜ.
ಸುಳ್ಳು ಎಂಬ ಪದವೂ ನಿಜ.
ಬಂದಿಲ್ಲ ಅಂತ ಹೇಳಿದರಲ್ಲ?
ಹೇಳಿದ್ದಾಯಿತು, ಹಸಿರು.

ಬಲೆ ಫ್ಯಾನಿಗೆ ಸುತ್ತಿ
'ಜಲಸಿರಿ' ಕಾಪುವಿನ ದೀಪದ ನೇರಕ್ಕೆ ತೇಲುತ್ತಿತ್ತಂತೆ.
ಇನ್ನೊಂದು ಬೋಟು ಹಗ್ಗ ಹಿಡಿದು ಹೋಯಿತು.
ನಾನು ಬ್ಯಾಗು ಕೆಳಗಿಟ್ಟು ಕೂತೆ.
ಅಳಿಲಿನ ಬೆನ್ನಿನ ಮೂರು ಗೆರೆಯಂತೆ
ಸಮ, ಸಮ, ಸಮ ಎಂದು ಎಳೆದೆ:
ಟ್ರೂಗೆ ಟ್ರೂ ಮಾತ್ರ ಸಮ, ಅದರ ವೇಷಕ್ಕಲ್ಲ.

ಆಗ ಕಂಡಿತು ಮೂರನೆಯದು.
ಮೂರು ದೋಣಿಗಳಿಗೆ ಆ ಖಾನೆಯೇ ಇರಲಿಲ್ಲ.
ಹಿಂದೆಲ್ಲ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ
ಇಂಥವನ್ನೂ ಕೆಂಪಿಗೆ ತಳ್ಳುತ್ತಿದ್ದೆ.
ಆದರೆ ಫಾಲ್ಸ್ ಅಂದರೆ ಅಲ್ಲ:
ಯಾರೋ ಕೇಳಿದ್ದಾರೆ, ಯಾರೋ ಕಡಲು ನೋಡಿ ಉತ್ತರಿಸಿದ್ದಾರೆ.
ಅನ್‌ಡಿಫೈನ್ಡ್ ಅಂದರೆ ಇಲ್ಲ:
ಕೇಳಿದವರೇ ಇಲ್ಲ.
ಗುಲಾಬಕ್ಕನ ತುಳುವಿನಲ್ಲೂ ಅತ್ತ್ ಬೇರೆ, ಇಜ್ಜಿ ಬೇರೆ.
ಎರಡನ್ನೂ ಒಂದೇ ಬಣ್ಣಕ್ಕೆ ಅದ್ದಿದವಳು ನಾನು.
ಆ ಮೂರಕ್ಕೆ ಹಳದಿ ಕೊಟ್ಟೆ.

ಬೆಳಗಿನ ಜಾವ ಗುಲಾಬಕ್ಕ ತಲೆ ಎತ್ತಿದಳು.
ನನಗೇನೂ ಕೇಳಿಸಿರಲಿಲ್ಲ.
ಬಹಳ ಹೊತ್ತಿನ ಮೇಲೆ ಹಗ್ಗ ಕಂಡಿತು, ಆಮೇಲೆ ಬೋಟು.

ಈಗ ಜೂನ್. ಕಡಲಿಗೆ ರಜೆ, ಪಟ್ಟಿ ಖಾಲಿ.
ಸುಮ್ಮನೆ ಓಡಿಸಿದೆ: ಹೋದವರೆಲ್ಲ ಬಂದರೇ?
ಟ್ರೂ, ಅಂದಿತು. ಒಂದೂ ಇಲ್ಲದ ಪಟ್ಟಿಯಲ್ಲಿ
ಎಲ್ಲರೂ ಬಂದವರೇ.
ಗುಲಾಬಕ್ಕನಿಗೆ ಹೇಳಿದರೆ, ಒಣಮೀನು ಮಗುಚುತ್ತಾ ನಕ್ಕಳು:
"ಹೌದಲ್ಲ, ಖಾಲಿ ಬುಟ್ಟಿಯ ಮೀನೆಲ್ಲ ತಾಜಾ."