ನಾಡಿಗೆ ಕಿವಿಗೊಟ್ಟು

ಮೆಕ್ಸಿಕೋದ ಚಿಯಾಪಾಸ್ ಗುಡ್ಡಗಾಡು. ನಾಡಿ ನೋಡುವ ಮುದುಕಿ ಹೇಳಿದ್ದು.

ಕೂತುಕೋ ಷಾಲಿಕ್, ಪೈನ್ ಎಲೆಯ ಮೇಲೆ.
ಚುಚ್ಚುವುದಿಲ್ಲ, ಇವತ್ತೇ ಹಾಸಿದ್ದು, ಇನ್ನೂ ಹಸಿ.
ಅಂಗಿ ಎಳೆದೆಳೆದು ಹೊಟ್ಟೆ ಮುಚ್ಚಬೇಡ,
ಇಲ್ಲಿ ತಕ್ಕಡಿಯಿಲ್ಲ.
ಕೈ ಕೊಡು, ಸಾಕು.

ನಿಮ್ಮಮ್ಮ ಬಾಗಿಲಲ್ಲಿಟ್ಟ ಚೀಲ ನೋಡಿದೆ:
ಒಂದು ಕೋಳಿ, ಹದಿಮೂರು ಮೇಣದಬತ್ತಿ,
ಕಪ್ಪು ಸೋಡಾದ ಆರು ಬಾಟಲಿ.
ನನ್ನಜ್ಜಿಯ ಕಾಲಕ್ಕೆ ಕಬ್ಬಿನ ಸಾರಾಯಿ ತರುತ್ತಿದ್ದರು.
ಕುಡಿದು ಕುಡಿದು ಗಂಡಸರು ಗುಡ್ಡದಿಂದ ಉರುಳಿದ ಮೇಲೆ
ಸೋಡಾ ಬಂತು.
ತೇಗಿದರೆ ಮೈಯೊಳಗಿನ ಕೆಡುಕು ಹೊರಬೀಳುತ್ತದೆ
ಅಂದರು. ನಾನೂ ಅಂದೆ.
ನಲವತ್ತು ವರ್ಷ ದೇವರ ಮುಂದೆ ತೇಗಿದ್ದೇನೆ.
ಹೋದ ವರ್ಷ ಆಸ್ಪತ್ರೆಯಲ್ಲಿ
ಎಡಗಾಲಿನ ಎರಡು ಬೆರಳು ತೆಗೆದರು,
ಸಕ್ಕರೆ ಕಾಯಿಲೆಯಂತೆ.

ಅದಿರಲಿ.

ಮಣಿಕಟ್ಟು, ಮೊಣಕೈ, ಮತ್ತೆ ಮಣಿಕಟ್ಟು.
ಮಾತಾಡುವುದು ರಕ್ತ, ನಾನು ಬರೀ ಕೇಳುವವಳು.
ಬೆಟ್ಟದಲ್ಲಿ ಹೆದರಿದೆಯಾ? ಸುಮ್ಮನಿದೆ.
ಯಾರಾದರೂ ಹೊಟ್ಟೆಕಿಚ್ಚು ಪಟ್ಟರಾ? ಸುಮ್ಮನಿದೆ.
ಶಾಲೆ, ಅಂದೆ.
ಕುಪ್ಪಳಿಸಿತು, ಬುಟ್ಟಿಗೆ ಬಿದ್ದ ಮೀನಿನ ಹಾಗೆ.

ಏನಂತಾರೆ ಅಲ್ಲಿ?
ಬೇಡ, ಹೇಳಬೇಡ. ಕಿವಿ ಕೆಂಪಾಯಿತು, ಗೊತ್ತಾಯಿತು.

ಮಾರುಚ್, ಹೊರಗಿನಿಂದ ಇಣುಕಬೇಡ, ಒಳಗೆ ಬಾ.
ನಿನ್ನ ಮೊದಲ ಮಗುವನ್ನು ಬಟ್ಟೆಯಲ್ಲಿ ಸುತ್ತಿದವಳು ನಾನೇ,
ಒಂದು ಜೋಳದ ತೆನೆಯಷ್ಟು ಭಾರ.
ಆಮೇಲೆ ಹುಟ್ಟಿದವನ ಬಾಯಿಗೆ
ತುತ್ತಿನ ಮೇಲೆ ತುತ್ತು ನೀನು ಹಾಕಿದ್ದು ಯಾಕೆಂದು
ಆಸ್ಪತ್ರೆಯ ಬಿಳಿ ಕೋಟಿನ ಹುಡುಗಿಗೆ ಗೊತ್ತಿರಲಿಕ್ಕಿಲ್ಲ.
ಅವಳು ಬರೆದ ಚೀಟಿ ತಪ್ಪಲ್ಲ. ಮಡಚಿ ಇಟ್ಟುಕೋ.
ನಿನ್ನ ಹೆದರಿಕೆಗೆ ಅದರಲ್ಲಿ ಜಾಗವಿರಲಿಲ್ಲ, ಅಷ್ಟೆ.

ಮದ್ದು ಕೇಳಿದೆ. ಕೊಡುತ್ತೇನೆ.
ಮುಳ್ಳು ಸುಟ್ಟ ಪಾಪಾಸುಕಳ್ಳಿಯ ಹೋಳು, ಲೋಳೆ ತೊಳೆಯದೆ.
ಸೀಮೆಬದನೆ, ಅದರ ಬಳ್ಳಿಯ ಕುಡಿಯೂ ಸೇರಿ.
ಕಾಳಿನ ಸಾರಿಗೆ ಎಪಸೋಟೆ ಸೊಪ್ಪು ಎರಡೆಸಳು,
ಮೂಗು ಮುರಿಯುತ್ತಾನೆ, ಮುರಿಯಲಿ.
ಸಂತೆಯಲ್ಲಿ ಒಬ್ಬ ಪುಡಿ ಮಾರುತ್ತಾನೆ,
ಹತ್ತು ದಿನಕ್ಕೆ ಸೊಂಟ ಕರಗುತ್ತದಂತೆ.
ಅವನದೇ ಹೊಟ್ಟೆ ನೋಡಿದ್ದೀಯಾ?
ಬರೀ ಭೇದಿಯ ಎಲೆ ಅದು. ಮಗುವಿಗೆ ಮುಟ್ಟಿಸಬೇಡ.

ಸೊಪ್ಪು ಸೊಪ್ಪಿನ ಕೆಲಸ ಮಾಡೀತು.
ಆದರೆ ನಲ್ಲಿಯಲ್ಲಿ ವಾರಕ್ಕೆರಡು ದಿನ ನೀರು,
ಅಂಗಡಿಯಲ್ಲಿ ಏಳೂ ದಿನ ಸೋಡಾ.
ಇದಕ್ಕೆ ಯಾವ ಬೇರು ತೇಯಲಿ ನಾನು?

ನಾಳೆ ಬೆಳಿಗ್ಗೆ ಬಾ, ಷಾಲಿಕ್.
ಮೂರು ಶಿಲುಬೆಗಳ ಆಚೆ, ಬಂಡೆಯ ಬುಡದಲ್ಲಿ ಒರತೆಯಿದೆ.
ನನ್ನ ಕಾಲು ಇಳಿಯಲೊಲ್ಲದು, ನಿನ್ನದು ಇಳಿಯುತ್ತದೆ.
ನೀನು ಸಣ್ಣಗಾಗಲಿ ಅಂತಲ್ಲ ಕರೆಯುವುದು.
ನನಗೆ ನೀರು ಬೇಕು.

ಏನು? ಗಟ್ಟಿಯಾಗಿ ಹೇಳು.

ಬೆಟ್ಟದೊಳಗೆ, ಪೂರ್ವಿಕರ ದೊಡ್ಡಿಯಲ್ಲಿ
ನಿನ್ನ ಜೊತೆಗೇ ಹುಟ್ಟಿದ ಪ್ರಾಣಿ ಇದೆಯಲ್ಲ,
ಅದು ಹಂದಿಯಾ
ಅಂತ ಕೇಳುತ್ತೀಯಾ?

ಯಾವುದೆಂದು ಯಾರಿಗೂ ಹೇಳುವಂತಿಲ್ಲ, ನನಗೆ ಕಂಡರೂ.
ಇಷ್ಟು ಹೇಳಬಲ್ಲೆ:
ಅದರ ಕಿವಿ ನಿಮಿರಿದೆ.
ಮೈ ತುಂಬ ಚೆಂದದ ಕೂದಲಿದೆ.
ಬಾನಿಯ ಹತ್ತಿರ ಬಂದು ನಿಂತಿದೆ,
ತುಂಬ ಹೊತ್ತಿನಿಂದ ಯಾರೂ ಅದಕ್ಕೆ ನೀರಿಟ್ಟಿಲ್ಲ.

ಅಳು, ಪರವಾಗಿಲ್ಲ. ಪೈನ್ ಎಲೆ ಹೀರಿಕೊಳ್ಳುತ್ತದೆ.

ಮಾರುಚ್, ಕೋಳಿಯನ್ನು ಮನೆಗೆ ಒಯ್ಯಿ, ಮೊಟ್ಟೆಯಿಡಲಿ.
ಬಾಟಲಿ ಒಂದು ಇಲ್ಲಿರಲಿ,
ದೇವರಿಗೆ ಒಮ್ಮೆಲೇ ಅಭ್ಯಾಸ ಬಿಡಿಸಲಾಗದು, ನನಗೂ.
ಉಳಿದೈದನ್ನು ಹಿತ್ತಲಲ್ಲಿ ಚೆಲ್ಲಿ ತೊಳೆದಿಡು,
ಒರತೆಗೆ ಹೋಗುವವನಿಗೆ ಪಾತ್ರೆ ಬೇಕಲ್ಲ.
ತೇಗು ಬರದಿದ್ದರೆ ನಿಟ್ಟುಸಿರು ಬಿಡುತ್ತೇನೆ,
ಅದೂ ಒಳಗಿನಿಂದಲೇ ಬರುವುದು.

ಆ ಕೈ ಅಲ್ಲ ಮಗಾ,
ಈಗ ಎಡಗೈ.