ಬಾಕಿ, ಒಣಗ್ತದ, ಮುಗೀತು

ಕಪನೂರ ದಾಲ್ ಮಿಲ್ಲಿನ ಆಫೀಸಿನ್ಯಾಗ ನಂದೊಂದು ಫೈಲು.
ಬಣ್ಣಿಲ್ಲ, ಚೌಕಟ್ಟಿಲ್ಲ, ಬರೇ ಅಕ್ಷರ.
ಒಂದು ಲೋಡಿಗೆ ಒಂದು ಸಾಲು,
ಸಾಲಿನ ಕಡೀಕ ಒಂದು ಶಬ್ದ.
ಲಾರಿ ಇಳದ್ರ: ಬಾಕಿ.
ಎಣ್ಣಿ ಹಚ್ಚಿ ಅಂಗಳಕ್ಕ ಹರವಿದ್ರ: ಒಣಗ್ತದ.
ಒಡದು, ತೂರಿ, ಚೀಲದ ಬಾಯಿ ಹೊಲದ ಮ್ಯಾಲ: ಮುಗೀತು.

ಮೊದಲೆಲ್ಲಾ ಶಬ್ದ ತಿದ್ದಿ, ಮತ್ತ ವ್ಯಾಪಾರಿಗೆ ಫೋನ್ ಹಚ್ಚಿ,
ಚೀಟಿ ಹರದು ಹಮಾಲರಿಗೆ ಕೊಟ್ಟು...
ಒಂದು ಮರತರ ಸೇಠಜಿ ಬಾಯಿ.

ಹ್ವಾದ ದೀಪಾವಳಿ ಮುಂದ ಮೂರು ರಾತ್ರಿ ಕುಂತು
ಹದಿನೇಳು ಸಾಲಿನ ಸ್ಕ್ರಿಪ್ಟ್ ಬರದೆ.
ಅದು ಏನೂ ಮಾಡಂಗಿಲ್ಲ, ಕಾಯ್ತದ,
ಹಾಲಿನ ಗಡಗಿ ಮುಂದ ಕುಂತ ಬೆಕ್ಕಿನಂಗ.
'ಮುಗೀತು' ಅಂತ ಬರದು ನಾ ಬೆರಳ ಎತ್ತೂದ್ರಾಗ
ಸಾಲಿನ್ಯಾಗಿನ ಹೆಸರ ಹಿಡದು, ನಂಬರ ಹುಡುಕಿ
ಮೆಸೇಜ್ ಬಿಡ್ತದ:
"ನಿಮ್ಮ ಮಾಲು ತಯಾರದ. ಗಾಡಿ ತಂದು ಒಯ್ಯಿರಿ."
ಗೋದಾಮಿನ್ಯಾಗ ಗಂಟಿ ಹೊಡೀತದ.
ಪ್ರಿಂಟರ್ ನಾಲಿಗಿ ಚಾಚಿ ಬಿಲ್ಲು ಕೊಡ್ತದ.

ಮುಕದ್ದಮ ಖಾಜಾಹುಸೇನ ನೋಡಿ ಅಂದ:
"ಬಾಯಿಯವರ, ಬಿಸಲಿಗೂ ಒಂದು ಸಾಲು ಬರೀರಿ,
ತೊಗರಿ ಒಣಗಿದ ಕೂಡ್ಲೆ ಮನಿಗೆ ಹೋಗಲಿ."

ಅದೇ ಫೈಲಿನ ತಳದಾಗ ನನ್ನ ಸ್ವಂತದ್ದು:
ಗ್ಯಾಸಿನ ಸಿಲಿಂಡರ್, ಬಾಕಿ.
ರೇಷನ್ ಕಾರ್ಡಿಗೆ ಹೆಬ್ಬಟ್ಟು, ಬಾಕಿ.
ಮಹಾನಂದಾನ ಜೋಡಿ ಮಾತು, ಬಾಕಿ.
ಹನ್ನೊಂದು ತಿಂಗಳು ಆತು ಅದು ಬಾಕಿ.
ಭೀಸಿ ಪಾಳಿ ನಂದೋ ಅಕಿದೋ ಅಂಬೋದ್ರಾಗ
ಬಾಯಿಗೆ ಬಂದದ್ದೆಲ್ಲಾ ಅಂದಿದ್ವಿ,
ಅಂದು ಮುಗಿಸಿ ಬಾಯಿ ಮುಚ್ಚಿದ್ವಿ.

ಒಂದಿನ ಸೂಪರ್ ಮಾರ್ಕೆಟ್‌ನ್ಯಾಗ ಎದುರಿಗೆ ಬಂದ್ಲು.
ಬಳಿ ಅಂಗಡಿ ಕಡಿ ಮಾರಿ ತಿರುವಿದ್ಲು.
ನಾ ಮಿಲ್ಲಿಗೆ ಬಂದಾಕಿನೇ, ಚಪ್ಪಲಿ ಸೈತ ಬಿಡಲಾರದ,
ಆ ಸಾಲಿಗೆ ಹೊಡದೆ:
ಮುಗೀತು.

ಗಂಟಿ ಹೊಡೀತು.

ಸಿಟ್ಟಿನ ಮುಗೀತು ಬ್ಯಾರೆ, ತೊಗರಿ ಮುಗೀತು ಬ್ಯಾರೆ ಅಂತ
ನಾ ಅದಕ್ಕ ಎಲ್ಲಿ ಹೇಳಿದ್ದೆ?
ಹಮಾಲರು ಇಬ್ಬರು ಓಡಿ ಬಂದು ನಿಂತ್ರು,
"ಯಾವ ಮಾಲ್ರಿ ಎತ್ತೂದು?"

ಐದೂವರಿಗೆ ಗೇಟಿನ ಮುಂದ ಸ್ಕೂಟಿ.
ತಲಿಮ್ಯಾಲ ಸೆರಗು, ಕಣ್ಣಾಗ ಹುಮನಾಬಾದ್ ರೋಡಿನ ಧೂಳು.
"ಗಾಡಿ ತಂದೀನಿ," ಅಂದ್ಲು. "ಎಲ್ಲದ ನನ್ನ ಮಾಲು?"
ನನ್ನ ನಾಲಿಗಿ ಏಳಲಿಲ್ಲ.
ಮೇಜಿನ ಮ್ಯಾಲಿನ ಬಿಲ್ಲ ಅಕಿನೇ ಎತಗೊಂಡು ಓದಿದ್ಲು:
ಗಿರಾಕಿ, ಮಹಾನಂದಾ.
ತೂಕ, ಖಾಲಿ.
ಒಟ್ಟು, ಸೊನ್ನಿ ರೂಪಾಯಿ.
"ಇಷ್ಟ ಏನ ನನ್ನ ರೇಟು?"

ಖಾಜಾಹುಸೇನ ಚಾ ತರಸಿದ.
ಚಾ ಆರೂದ್ರಾಗ ಭೀಸಿ ಜಗಳ ಮತ್ತ ಶುರು ಆತು,
ಮೊದಲಿಗಿಂತ ಜೋರ.
ಹೋಗೂವಾಗ ಬಿಲ್ಲ ಮಡಚಿ ಪರ್ಸಿನ್ಯಾಗ ಇಟಗೊಂಡ್ಲು.

ಅಕಿ ಸಾಲ ತಗದು ತಿದ್ದಿದೆ: ಒಣಗ್ತದ.
ಅದಕ್ಕ ಗಂಟಿ ಇಲ್ಲ.
ಸ್ವಂತದ ಸಾಲು ಮುಟ್ಟಬ್ಯಾಡ ಅಂತ
ಸ್ಕ್ರಿಪ್ಟಿನ್ಯಾಗ ಹದಿನೆಂಟನೇ ಸಾಲು ಬರೀಬೇಕಿತ್ತು.
ಬರದಿಲ್ಲ ಇನ್ನಾ.
ಫೈಲಿನ ತಳದಾಗ ಕುಂತದ ಅದೂ:
ಸ್ಕ್ರಿಪ್ಟ್ ರಿಪೇರಿ, ಬಾಕಿ.