ಮರಳು ಆರಿದ ಮೇಲೆ

ಶನಿವಾರ ರಾತ್ರಿ ಒಂಬತ್ತೂ ಮುಕ್ಕಾಲು.
ಮಂಡಕ್ಕಿ ಬಟ್ಟಿ ಕೆಲಸಗಾರರ ಪತ್ತಿನ ಸಂಘದ
ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಹದಿಮೂರು ವರ್ಷದ ಸರ್ವರು ಕೆಮ್ಮುತ್ತ ಕೂತಿದೆ.
ಮುಚ್ಚಳ ತೆಗೆದರೆ ಒಳಗೆಲ್ಲ ಹೊಟ್ಟಿನ ಧೂಳು,
ಫ್ಯಾನಿನ ರೆಕ್ಕೆಗೆ ಅಂಟಿದ ಮಸಿ.
ದಾವಣಗೆರೆಯ ಈ ಮಗ್ಗುಲಲ್ಲಿ
ಉಸಿರಾಡುವ ಯಾವುದಕ್ಕೂ ತಪ್ಪಿದ್ದಲ್ಲ.

ಹೊಸದನ್ನು ಮೇಲಿನ ಕೋಣೆಯಲ್ಲಿ,
ಗೋಡೆಗೆ ಸುಣ್ಣ ಬಳಿಸಿ, ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ,
ಬೀಗರನ್ನು ಕೂರಿಸಿದ ಹಾಗೆ ಇಟ್ಟಿದ್ದಾರೆ ಕೊಟ್ರಬಸಪ್ಪನವರು.
"ಏನಿಲ್ಲ, ಫೈಲು ಎತ್ತಿ ಆ ಕಡೆ ಇಡೋದು ತಾನೇ?" ಅಂದರು.
ಹೌದು, ಅಷ್ಟೇ.

ಅಷ್ಟೇ ಅಂತ ಹೋದ ವಾರ ನಾನೂ ನಂಬಿದ್ದೆ.
ಕೌಂಟರಿನಲ್ಲಿ ಇನ್ನೂ ಇಬ್ಬರು ಕಂತು ಕಟ್ಟುತ್ತಿದ್ದಾಗಲೇ
ನಕಲು ಮಾಡಿಕೊಂಡೆ.
ಬಂದದ್ದು ಅರ್ಧ ಬರೆದ ರಸೀದಿ.
ಕಟ್ಟಿದ ಇನ್ನೂರು ರೂಪಾಯಿ ಒಂದು ಫೈಲಿನಲ್ಲಿದೆ,
ಕಟ್ಟಿದವಳು ಇನ್ನೊಂದರಲ್ಲಿ ಇನ್ನೂ ಸಾಲಿನಲ್ಲಿ ನಿಂತಿದ್ದಾಳೆ.
ಹೊಸ ಯಂತ್ರ ಮೂಸಿ ನೋಡಿ
ಕೆಟ್ಟಿದೆ ಅಂತ ಮುಖ ತಿರುಗಿಸಿತು.

ಅವತ್ತು ಚಹಾ ತಂದ ಕಾವಲುಗಾರ ದಾದಾಪೀರಣ್ಣ,
ಮೂವತ್ತು ವರ್ಷ ಬಟ್ಟಿ ಮುಂದೆ ಬೆಂದವನು, ಹೇಳಿದ:
"ಬಟ್ಟಿ ಬೇರೆ ಕಡೆ ಹಾಕೋವಾಗ ಒಲೆ ಒಯ್ಯಲ್ಲ ತಂಗೀ,
ಮರಳು ಒಯ್ತೀವಿ. ಪಳಗಿದ ಮರಳು.
ಉರಿ ಆರಿಸ್ದೆ ತುಂಬಿದ್ರೆ
ಚೀಲಾನೂ ಸುಡ್ತೈತಿ, ಕೈನೂ ಸುಡ್ತೈತಿ.
ಒಂದ್ ರಾತ್ರಿ ಸುಮ್ನೆ ಬಿಡ್ಬೇಕು."

ಹಾಗಾಗಿ ಇವತ್ತು ಮೊದಲು ನಿಲ್ಲಿಸಿದೆ.
ಕತ್ತು ಹಿಚುಕಲಿಲ್ಲ; ನಿಲ್ಲಪ್ಪಾ ಅಂದೆ.
ಬಾಯಲ್ಲಿದ್ದ ತುತ್ತು ನುಂಗಿ, ಕೈಲಿದ್ದದ್ದು ಬರೆದು ಮುಗಿಸಿ
ಅದು ತಾನಾಗಿ ಕಣ್ಣು ಮುಚ್ಚುವ ತನಕ ಕಾದೆ.
ನಲವತ್ತೊಂದು ಸೆಕೆಂಡು.
ಹದಿಮೂರು ವರ್ಷದಲ್ಲಿ
ಕರೆಂಟು ಹೋಗದೆಯೂ ಅದಕ್ಕೆ ಸಿಕ್ಕ ಮೊದಲ ನಿದ್ದೆ.

ಆಮೇಲೆ ಇಡೀ ಫೋಲ್ಡರು, ಆರಿಸದೆ, ಸೋಸದೆ:
ಸದಸ್ಯರು, ಠೇವಣಿ, ಸಾಲ, ಜಾಮೀನು,
ಯಾವ ಬಾಬತ್ತಿಗೂ ಸೇರದಂತೆ ಕಾಣುವ
ಆ ಒಂದು ದೊಡ್ಡ ಫೈಲೂ.
ಅದನ್ನು ಬಿಟ್ಟು ಉಳಿದದ್ದೆಲ್ಲ ಒಯ್ದವರು
ಬಾಗಿಲು ಹೊತ್ತೊಯ್ದು ಮನೆ ಮರೆತವರು.
ತಂತಿಯೊಳಗೆ ಸಾಲಗಳು ಸದ್ದಿಲ್ಲದೆ ಮೆಟ್ಟಿಲು ಹತ್ತಿದವು.
ಹೊರಗೆ ಹರಿಹರದ ಕಡೆಗೆ ಒಂದು ಗೂಡ್ಸು ರೈಲು
ಎಷ್ಟು ಹೊತ್ತು ಹೋಯಿತೆಂದರೆ
ಎಣಿಸುವುದು ಬಿಟ್ಟೆ.

ಒಂದೂವರೆಗೆ ಮುಗಿಯಿತು. ಬೈಟಿಗೆ ಬೈಟು ಸರಿ.
ಶುರು ಮಾಡಿದೆ.
ಏಳಲಿಲ್ಲ.

ಮತ್ತೆ. ಏಳಲಿಲ್ಲ.
ಕೊಟ್ರಬಸಪ್ಪನವರು ಜೇಬಿನಲ್ಲಿ ವಿಭೂತಿ ತಡಕಾಡಿದರು.
ಕಣ್ಣುಜ್ಜಿಕೊಂಡು ಲಾಗ್ ಓದಿದೆ, ಕೆಳಗಿನಿಂದ ಮೇಲಕ್ಕೆ:
ಎಲ್ಲ ಇದೆ, ಮುಟ್ಟಲು ಅಪ್ಪಣೆ ಇಲ್ಲ.
ಹೊತ್ತು ತಂದವಳು ನಾನಲ್ಲವೇ,
ಪ್ರತಿ ಫೈಲಿನ ಹಣೆಯ ಮೇಲೂ ನನ್ನ ಹೆಸರು!
ಆರು ಸಾವಿರ ಜನರ ಉಳಿತಾಯಕ್ಕೆ
ನಡುರಾತ್ರಿ ಒಂದು ಗಳಿಗೆ ನಾನೊಬ್ಬಳೇ ಒಡತಿ.
ಹೇಳಬಾರದು, ಆದರೂ, ಚೆನ್ನಾಗಿತ್ತು.
ಒಂದು ಸಾಲು ಬರೆದು ಒಡೆತನ ಬಿಟ್ಟುಕೊಟ್ಟೆ.
ಎದ್ದಿತು.

ಸೋಮವಾರ ಮೊದಲು ಬಂದವಳು ಖೈರುನ್ನೀಸಾ,
ರೆಪ್ಪೆಯ ಮೇಲೂ ಬೂದಿ, ಪಾಸ್‌ಬುಕ್ಕು ಸೆರಗಿನ ಗಂಟಿನಲ್ಲಿ.
ಮೂರು ಸಾವಿರದ ನೂರಾ ಹದಿನೇಳು ರೂಪಾಯಿ ಅರವತ್ತು ಪೈಸೆ.
ಆ ಅರವತ್ತೂ ಅಲುಗಿರಲಿಲ್ಲ.
ಮೆಟ್ಟಿಲ ಕೆಳಗಿನ ಗೂಡಿಗೆ ಬೆರಳು ತೋರಿಸಿದಳು:
"ಅದ್ರಾಗಿದ್ದ ನನ್ನ ದುಡ್ಡು?"
ಈಗ ಮೇಲಿನದರಲ್ಲಿದೆ, ಅಂದೆ.
"ಅದ್ರಾಗ ಇಲ್ಲ?"
ಅದರಲ್ಲೂ ಇದೆ. ಒಂದು ತಿಂಗಳು ಅಳಿಸುವುದಿಲ್ಲ.
ದಾದಾಪೀರಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು,
ಫಾರಮ್ಮಿನ ಮೇಲೆ ಹೆಬ್ಬೆಟ್ಟು ಒತ್ತುತ್ತ ಅಂದಳು:
"ಹಂಗಾದ್ರೆ ಎರಡ್ರಾಗಿಂದೂ ಕೊಡು."